ಸೇವೆಯ ಹಂಚಿಕೆಯೂ ಪೂಜೆಯೇ



ಶರನ್ನವರಾತ್ರಿಯು ಮತ್ತೊಮ್ಮೆ ಬಂದಿದೆ. ತವರುನಾಡಿನಿಂದ ದೂರವಾದ ಈ ಮುಂಬಯಿ ಮಹಾನಗರದಲ್ಲಿಯೂ ನಮ್ಮ ಮನೆಗಳ ಅಟ್ಟದಿಂದ ಪಟ್ಟದ ಬೊಂಬೆಗಳು ಕೆಳಗಿಳಿದಿವೆ. ಅಂಗಳದಲ್ಲಿ ಗುಜರಾತಿ ಬಂಧುಗಳ ಗರಬಾ, ಎದುರು ಕಟ್ಟಡದಲ್ಲಿ ಮರಾಠಿ ಸೋದರಿಯರ ಘಟಸ್ಥಾಪನೆ, ನಮ್ಮ ಸಂಘದ ಸಭಾಗೃಹದಲ್ಲಿ ದೇವೀಮಹಾತ್ಮ್ಯದ ಪಾರಾಯಣ. ಒಬ್ಬಳೇ ತಾಯಿಯನ್ನು ಹಲವು ನುಡಿಗಳಲ್ಲಿ ಕರೆಯುವ ಈ ಒಂಬತ್ತು ರಾತ್ರಿಗಳಲ್ಲಿ ಪರಸ್ಥಳದಲ್ಲಿರುವೆವೆಂಬ ಭಾವನೆ ಕ್ಷಣಕಾಲ ಮರೆಯಾಗುತ್ತದೆ.

ಸಂಚಿಕೆಯ ಸಂಪಾದಕ ಮಿತ್ರರು ಭಕ್ತಿ ವಿಭಾಗಕ್ಕೆ ನಾಲ್ಕು ಮಾತು ಬರೆದುಕೊಡಬೇಕೆಂದು ಕೇಳಿದಾಗ ನಾನು ಹಿಂಜರಿದುದು ಸಹಜವೇ. ನಾನು ಶಾಸ್ತ್ರಾಧ್ಯಯನ ಮಾಡಿದವನಲ್ಲ, ಬಿ.ಎ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಪರರ ಹಣದ ಲೆಕ್ಕವನ್ನು ಬರೆಯುತ್ತಿರುವವನು. ಆದರೆ ಕಳೆದ ಕೆಲವು ವರ್ಷಗಳಿಂದ ನಮ್ಮ ಬಡಾವಣೆಯ ಸೇವಾವಿಭಾಗದಲ್ಲಿ ಸ್ವಯಂಸೇವಕರಿಗೆ ಕೆಲಸ ಹಂಚಿಕೊಡುವ ಹೊಣೆಯನ್ನು ಹಿರಿಯರು ನನ್ನ ತಲೆಯ ಮೇಲಿಟ್ಟಿದ್ದಾರೆ. ಆ ಹೊಣೆಯಲ್ಲಿ ನಾನು ಮಾಡಿದ ಒಂದು ತಪ್ಪು, ಆ ತಪ್ಪಿನ ಬಳಿಕ ಪುರಾಣದ ಕಥೆಯೊಂದು ನನಗೆ ಹೊಸದಾಗಿ ಅರ್ಥವಾದ ರೀತಿ, ಇವೆರಡನ್ನು ಹೇಳಿಕೊಳ್ಳುವುದಕ್ಕಾಗಿ ಮಾತ್ರ ಈ ಬರಹ.

ಮಹಿಷಾಸುರಮರ್ದನದ ಕಥೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಮಾರ್ಕಂಡೇಯ ಪುರಾಣದೊಳಗಿನ ದೇವೀಮಹಾತ್ಮ್ಯವು ಹದಿಮೂರು ಅಧ್ಯಾಯಗಳ ಗ್ರಂಥ. ಅದರ ಎರಡನೆಯ ಅಧ್ಯಾಯದಲ್ಲಿ ಮಹಿಷನ ಸೈನ್ಯದ ವಧೆಯೂ ಮೂರನೆಯದರಲ್ಲಿ ಮಹಿಷನ ವಧೆಯೂ ಬರುತ್ತವೆ. ನಾವು ಮಕ್ಕಳಿಗೆ ಕಥೆ ಹೇಳುವಾಗ ಸಿಂಹ, ತ್ರಿಶೂಲ, ಕೋಣದ ರಕ್ಕಸ ಇವುಗಳತ್ತ ಓಡಿಬಿಡುತ್ತೇವೆ. ಯುದ್ಧಕ್ಕೆ ಮುಂಚೆ ನಡೆದ ಒಂದು ಸಂಗತಿಯ ಬಳಿ ನಿಲ್ಲುವುದೇ ಇಲ್ಲ. ಈ ದಿನ ಅಲ್ಲಿಯೇ ಸ್ವಲ್ಪ ಹೊತ್ತು ನಿಲ್ಲೋಣ.

ದೇವತೆಗಳು ಸೋತಿದ್ದಾರೆ. ಇಂದ್ರನ ಪದವಿ, ಸೂರ್ಯನ ಅಧಿಕಾರ, ಅಗ್ನಿ, ವಾಯು, ಚಂದ್ರ, ಯಮ, ವರುಣ ಇವರೆಲ್ಲರ ಅಧಿಕಾರಗಳೂ ಮಹಿಷನ ಪಾಲಾಗಿವೆ. ಬ್ರಹ್ಮನನ್ನು ಮುಂದಿಟ್ಟುಕೊಂಡು ಅವರು ಶಿವನೂ ವಿಷ್ಣುವೂ ಇದ್ದೆಡೆಗೆ ಬಂದು ತಮ್ಮ ಪಾಡನ್ನು ತೋಡಿಕೊಳ್ಳುತ್ತಾರೆ. ಯಾರ ತಪ್ಪಿನಿಂದ ಸೋತೆವೆಂಬ ವಿಚಾರಣೆ ಅಲ್ಲಿ ನಡೆಯುವುದಿಲ್ಲ. ಕೇಳಿದವರ ಮುಖದಿಂದ ತೇಜಸ್ಸು ಹೊರಡುತ್ತದೆ. ಇತರ ದೇವತೆಗಳ ಶರೀರಗಳಿಂದಲೂ ಹೊರಟ ತೇಜಸ್ಸು ಒಂದೆಡೆ ಕೂಡಿಕೊಂಡು, ಉರಿಯುವ ಪರ್ವತದಂತೆ ದಿಕ್ಕುಗಳನ್ನು ತುಂಬಿ, ಕೊನೆಗೆ ಒಂದು ಸ್ತ್ರೀರೂಪವನ್ನು ತಾಳುತ್ತದೆ. ಶಿವನ ತೇಜಸ್ಸಿನಿಂದ ಮುಖ, ಯಮನ ತೇಜಸ್ಸಿನಿಂದ ಕೇಶ, ವಿಷ್ಣುವಿನ ತೇಜಸ್ಸಿನಿಂದ ತೋಳುಗಳು, ಬ್ರಹ್ಮನದರಿಂದ ಪಾದ, ಸೂರ್ಯನದರಿಂದ ಕಾಲ್ಬೆರಳು, ಅಗ್ನಿಯದರಿಂದ ಮೂರು ಕಣ್ಣು, ಎರಡು ಸಂಧ್ಯೆಗಳಿಂದ ಹುಬ್ಬುಗಳು.

ಬಳಿಕ ಒಬ್ಬೊಬ್ಬರೂ ತಮ್ಮ ಬಳಿ ಇದ್ದುದನ್ನು ಆಕೆಗೆ ಒಪ್ಪಿಸುತ್ತಾರೆ. ಶಿವನು ತನ್ನ ಶೂಲದಿಂದ ಇನ್ನೊಂದು ಶೂಲವನ್ನು ಸೆಳೆದು ಕೊಟ್ಟನು. ವಿಷ್ಣುವು ತನ್ನ ಚಕ್ರದಿಂದ ಮತ್ತೊಂದು ಚಕ್ರವನ್ನು ಹೊರಡಿಸಿ ಕೊಟ್ಟನು. ವರುಣನು ಶಂಖವನ್ನು, ಅಗ್ನಿಯು ಶಕ್ತ್ಯಾಯುಧವನ್ನು, ವಾಯುವು ಬಿಲ್ಲನ್ನೂ ಬಾಣ ತುಂಬಿದ ಬತ್ತಳಿಕೆಗಳನ್ನೂ ನೀಡಿದರು. ಬ್ರಹ್ಮನ ಬಳಿ ಇದ್ದುದು ಕಮಂಡಲು, ಅದನ್ನೇ ಕೊಟ್ಟನು. ವಿಶ್ವಕರ್ಮನು ಕೊಡಲಿಯನ್ನೂ ಹಿಮವಂತನು ವಾಹನವಾಗಿ ಸಿಂಹವನ್ನೂ ಕೊಟ್ಟರು. ಇಂದ್ರನು ವಜ್ರದ ಜೊತೆಗೆ ಐರಾವತದ ಕೊರಳಿನ ಒಂದು ಘಂಟೆಯನ್ನೂ ಕೊಟ್ಟನು.

ಘಂಟೆ! ಯುದ್ಧಕ್ಕೆ ಹೊರಟವಳಿಗೆ ಆನೆಯ ಘಂಟೆಯಿಂದ ಪ್ರಯೋಜನವೇನೆಂದು ನಮ್ಮಂಥ ಲೆಕ್ಕಿಗರು ಕೇಳಿಬಿಡುತ್ತಿದ್ದೆವು. ಆದರೆ ಮುಂದೆ ರಣರಂಗದಲ್ಲಿ ಆ ಘಂಟೆಯ ನಾದಕ್ಕೆ ಮರುಳಾಗಿ ನಿಂತ ಅಸುರರನ್ನು ದೇವಿಯು ಕೆಡವಿದಳೆಂದು ಪುರಾಣವೇ ಹೇಳುತ್ತದೆ. ಕೊಟ್ಟ ವಸ್ತುವಿನಲ್ಲಿ ಒಂದೂ ವ್ಯರ್ಥವಾಗಲಿಲ್ಲ. ಈ ಘಂಟೆಯ ವಿಷಯವನ್ನು ವಾಚಕರು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಅಗತ್ಯ ಬೀಳಲಿದೆ.

ಇನ್ನು ನನ್ನ ಕೆಲಸದ ವಿಷಯಕ್ಕೆ ಬರುತ್ತೇನೆ.

೨೦೦೫ರ ಜುಲೈ ೨೬ರಂದು ಮುಂಬಯಿಯ ಮೇಲೆ ಸುರಿದ ಮಹಾವೃಷ್ಟಿಯನ್ನು ಇಲ್ಲಿಯ ಯಾರೂ ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ ಇಪ್ಪತ್ನಾಲ್ಕು ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ. ಆಗ ನಾನು ಇನ್ನೂ ಇಪ್ಪತ್ತರ ಹರೆಯದ ತರುಣ. ಸೊಂಟದ ಮಟ್ಟದ ನೀರಿನಲ್ಲಿ ಖಿಚಡಿಯ ಪಾತ್ರೆಗಳನ್ನು ಹೊತ್ತು ನಾವು ನಾಲ್ಕಾರು ಮಂದಿ ಹೊರಟೆವು. ನಮ್ಮ ಉತ್ಸಾಹಕ್ಕೇನೂ ಕೊರತೆ ಇರಲಿಲ್ಲ. ಆದರೆ ರಸ್ತೆಯ ಮುಂಭಾಗದ ಒಂದು ಕಟ್ಟಡಕ್ಕೆ ಮೂರು ತಂಡಗಳವರು ಊಟ ತಂದು ಸುರಿದರು. ಹಿಂದಿನ ಗಲ್ಲಿಯ ಚಾಳಿಗೆ ರಾತ್ರಿಯವರೆಗೂ ಒಬ್ಬರೂ ಹೋಗಲಿಲ್ಲ. ಅಲ್ಲಿ ಮಕ್ಕಳಿದ್ದರು. ಕರುಣೆ ಸಾಕಷ್ಟಿತ್ತು, ಕೈಗಳೂ ಸಾಕಷ್ಟಿದ್ದವು. ಯಾರು ಎಲ್ಲಿಗೆ ಎಂದು ಹೇಳುವ ಒಂದು ಬಾಯಿ ಇರಲಿಲ್ಲ. ನಮ್ಮ ಸೇವಾವಿಭಾಗದಲ್ಲಿ ಕೆಲಸದ ಪಟ್ಟಿಯನ್ನು ಬರೆದಿಡುವ ಪದ್ಧತಿ ಹುಟ್ಟಿದ್ದು ಆ ನಾಚಿಕೆಯಿಂದ.

ಈಗ ವಿಭಾಗದಲ್ಲಿ ಮೂವತ್ತರಷ್ಟು ಸ್ವಯಂಸೇವಕರಿದ್ದಾರೆ. ಒಂಟಿಯಾಗಿರುವ ವೃದ್ಧರ ಮನೆಗೆ ವಾರಕ್ಕೊಮ್ಮೆ ಹೋಗಿಬರುವುದು; ಅವರ ಔಷಧಿ ತಂದು ವಾರದ ಡಬ್ಬಿಯಲ್ಲಿ ತುಂಬಿಡುವುದು; ನವೆಂಬರ್ ತಿಂಗಳಲ್ಲಿ ನಿವೃತ್ತಿವೇತನದಾರರು ಜೀವಿತ ಪ್ರಮಾಣಪತ್ರ ಸಲ್ಲಿಸಲು ನೆರವಾಗುವುದು; ಮನೆಗೆಲಸದವರ ಮಕ್ಕಳಿಗೆ ಸಂಜೆಯ ಪಾಠ; ರಕ್ತದಾನಿಗಳ ಯಾದಿ; ಯಾರದಾದರೂ ಮನೆಯಲ್ಲಿ ಸಾವಾದರೆ ಪ್ರಮಾಣಪತ್ರದಿಂದ ಹಿಡಿದು ಸ್ಮಶಾನದವರೆಗೆ ಜೊತೆಗಿರುವುದು. ೨೦೨೦ರ ಲಾಕ್‌ಡೌನ್ ದಿನಗಳಲ್ಲಿ ಈ ಕೆಲಸ ಎಷ್ಟು ಬೆಳೆಯಿತೆಂಬುದನ್ನು ಸಂಘದ ಸದಸ್ಯರೆಲ್ಲರೂ ಬಲ್ಲರು. ಇಲ್ಲಿ ಕನ್ನಡಿಗರು, ಅನ್ಯರು ಎಂಬ ಭೇದವಿಲ್ಲ. ಬಾಗಿಲು ತಟ್ಟಿದವರೆಲ್ಲ ನೆರೆಯವರೇ.

ಪ್ರತಿ ಭಾನುವಾರ ಬೆಳಿಗ್ಗೆ ಗೀಟು ಹಾಕಿದ ದೊಡ್ಡ ಪುಸ್ತಕವನ್ನು ತೆರೆದು, ವಾರದ ಕೆಲಸಗಳ ಮುಂದೆ ಹೆಸರುಗಳನ್ನು ಬರೆಯುವುದು ನನ್ನ ಪಾಲಿನ ಕೆಲಸ. ಬ್ಯಾಂಕಿನಲ್ಲಿ ಲೆಡ್ಜರುಗಳು ಮರೆಯಾಗಿ ಕಾಲವಾಗಿದ್ದರೂ ಕಾಗದದ ಮೇಲಿನ ನನ್ನ ಮೋಹ ಹೋಗಿಲ್ಲ. ಎಲ್ಲ ಸಾಲುಗಳೂ ತುಂಬಿದಾಗ ದಿನದ ನಗದು ತಾಳೆಯಾದಷ್ಟೇ ಸಮಾಧಾನವಾಗುತ್ತಿತ್ತು. ಆ ಸಮಾಧಾನವೇ ನನ್ನನ್ನು ಕೆಡಿಸಿತೆಂದು ಈಗ ತಿಳಿಯುತ್ತದೆ.

ನಮ್ಮ ಯಾದಿಯಲ್ಲಿ ಎಂಬತ್ತೊಂದು ವರ್ಷದ ಒಬ್ಬ ಮಾಸ್ತರರಿದ್ದಾರೆ. ಹಗಲು ಹೊಟೇಲಿನಲ್ಲಿ ಲೋಟ ತೊಳೆದು ರಾತ್ರಿ ಓದುತ್ತಿದ್ದ ಕರಾವಳಿಯ ಹುಡುಗರಿಗಾಗಿ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳು ನಡೆದಿದ್ದವಲ್ಲವೇ, ಅಂಥದೊಂದು ಶಾಲೆಯಲ್ಲಿ ದಶಕಗಳ ಕಾಲ ಕಲಿಸಿದವರು ಅವರು. ಅವರಲ್ಲಿ ಅಕ್ಷರ ಕಲಿತು ಮುಂದೆ ಬಂದವರು ಈ ನಗರದಲ್ಲಿ ಅನೇಕರಿದ್ದಾರೆ. ಪತ್ನಿ ತೀರಿಕೊಂಡ ಮೇಲೆ ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಬ್ಬರೇ ಇದ್ದಾರೆ. ಮಗ ವಿದೇಶದಲ್ಲಿ. ಪ್ರತಿ ಗುರುವಾರ ಸಂಜೆ ನಮ್ಮವರೊಬ್ಬರು ಅವರ ಮನೆಗೆ ಹೋಗುವುದೆಂದು ಗೊತ್ತಾಗಿತ್ತು.

ಕಳೆದ ವರ್ಷದ ಮಳೆಗಾಲದಲ್ಲಿ ಗುರುವಾರದ ಸಾಲಿನಲ್ಲಿ ನಾನು ಇಬ್ಬರು ತರುಣರ ಹೆಸರನ್ನು ಬರೆದು, ನಡುವೆ ಒಂದು ಓರೆಗೆರೆ ಎಳೆದೆನು. ಇವನಿಗೆ ಆಗದಿದ್ದರೆ ಅವನು, ಅವನಿಗೆ ಆಗದಿದ್ದರೆ ಇವನು ಎಂಬುದು ನನ್ನ ಎಣಿಕೆ. ಬ್ಯಾಂಕಿನ ಭದ್ರಕೋಣೆಗೆ ಎರಡು ಕೀಲಿಕೈ. ಒಂದೊಂದು ಒಬ್ಬೊಬ್ಬರ ವಶದಲ್ಲಿ. ಹಾಗಿದ್ದರೇ ಕ್ಷೇಮವೆಂದು ಇಪ್ಪತ್ತು ವರ್ಷ ನೋಡಿಕೊಂಡು ಬಂದವನು ನಾನು. ಆದರೆ ಭದ್ರಕೋಣೆಯಲ್ಲಿ ಇಬ್ಬರೂ ಬಾರದಿದ್ದರೆ ಬಾಗಿಲು ತೆರೆಯುವುದಿಲ್ಲ. ಕೊರತೆ ಆ ಕ್ಷಣವೇ ಕಾಣುತ್ತದೆ. ವೃದ್ಧರೊಬ್ಬರ ಮನೆಗೆ ಇಬ್ಬರೂ ಹೋಗದಿದ್ದರೆ ಯಾರಿಗೂ ಏನೂ ಕಾಣುವುದಿಲ್ಲ. ಇವನು ಅವನು ಹೋಗಿರುವನೆಂದುಕೊಂಡನು, ಅವನು ಇವನು ಹೋಗಿರುವನೆಂದುಕೊಂಡನು. ಹೀಗೆ ಎರಡು ಗುರುವಾರಗಳು ಕಳೆದವು. ನನ್ನ ಪುಸ್ತಕದಲ್ಲಿ ಮಾತ್ರ ಸಾಲು ತುಂಬಿಯೇ ಇತ್ತು.

ಎರಡನೆಯ ಗುರುವಾರದ ರಾತ್ರಿ ಮಾಸ್ತರರು ತಲೆಸುತ್ತಿ ಬಚ್ಚಲಮನೆಯ ಹೊಸ್ತಿಲಲ್ಲಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ರಕ್ತದೊತ್ತಡದ ಮಾತ್ರೆಗಳು ಮುಗಿದು ಆರು ದಿನಗಳಾಗಿದ್ದವೆಂದು ಆಮೇಲೆ ತಿಳಿಯಿತು. ಮರುದಿನ ಮಧ್ಯಾಹ್ನದವರೆಗೂ ಅವರು ಆ ತಂಪು ನೆಲದ ಮೇಲೆಯೇ ಇದ್ದರು.

ಅವರನ್ನು ಉಳಿಸಿದವರು ನನ್ನ ಪಟ್ಟಿಯಲ್ಲಿದ್ದ ಯಾರೂ ಅಲ್ಲ. ಎದುರು ಪಾರ್ಶ್ವದ ಎರಡನೆಯ ಮಹಡಿಯಲ್ಲಿ ಕುಂದಾಪುರದ ಕಡೆಯ ಒಬ್ಬ ವೃದ್ಧೆ ಇದ್ದಾರೆ. ಎಪ್ಪತ್ತಾರು ವರ್ಷ, ಮೊಣಕಾಲು ನೋವು. ಮೂರು ತಿಂಗಳ ಹಿಂದೆ ಅವರು ಭಾನುವಾರದ ಸಭೆಗೆ ಮೆಲ್ಲನೆ ಇಳಿದುಬಂದು, "ಮಗಾ, ನನಗೂ ಏನಾದರೂ ಒಂದು ಕೆಲಸ ಕೊಡಿ" ಎಂದು ಕೇಳಿದ್ದರು. ನಾನು ನಗುತ್ತ, "ನಿಮಗೇಕಮ್ಮ ಕೆಲಸ? ನೀವು ಕುಳಿತು ಆಶೀರ್ವಾದ ಮಾಡಿದರೆ ಸಾಕು" ಎಂದಿದ್ದೆ. ಅದನ್ನು ಗೌರವವೆಂದೇ ನಾನು ತಿಳಿದಿದ್ದೆ. ಆಕೆ ಮರುಮಾತಾಡದೆ ಹಿಂದಿರುಗಿದರು. ಮತ್ತೆ ಸಭೆಗೆ ಬರಲಿಲ್ಲ.

ಅಂದು ಶುಕ್ರವಾರ ಹಗಲು ಹನ್ನೊಂದಾದರೂ ಮಾಸ್ತರರ ಅಡಿಗೆಮನೆಯ ದೀಪ ಉರಿಯುತ್ತಿರುವುದನ್ನು ಆಕೆ ತಮ್ಮ ಕಿಟಕಿಯಿಂದ ಕಂಡರು. ರಾತ್ರಿ ಹತ್ತಕ್ಕೆ ಸರಿಯಾಗಿ ಆ ದೀಪ ಆರುವುದೆಂದು ಆಕೆಗೆ ವರ್ಷಗಳಿಂದ ಗೊತ್ತು. ಕಾವಲುಗಾರನಿಗೆ ಕೂಗಿ ಹೇಳಿದರು. ಮುದುಕರು ಮರೆತಿರಬೇಕೆಂದು ಅವನು ಸುಮ್ಮನಾದನು. ಆಗ ಆಕೆ ಆ ಮೊಣಕಾಲುಗಳಲ್ಲಿಯೇ ಎರಡು ಮಹಡಿ ಇಳಿದು, ಮೂರು ಮಹಡಿ ಏರಿ, ಬಾಗಿಲು ಬಡಿದು, ಒಳಗಿನಿಂದ ಬಂದ ಕ್ಷೀಣ ದನಿಯನ್ನು ಕೇಳಿ ಜನರನ್ನು ಕೂಡಿಸಿದರು. ಬಡಗಿಯನ್ನು ಕರೆಸಿ ಬಾಗಿಲನ್ನು ಒಡೆಸಲಾಯಿತು.

ಸಂಜೆ ಆಸ್ಪತ್ರೆಯಲ್ಲಿ ನಾನು ಮಾಸ್ತರರ ಹಾಸಿಗೆಯ ಬಳಿ ನಿಂತಾಗ ಅವರು ನನ್ನನ್ನು ಬೈಯಲಿಲ್ಲ. "ಗುರುವಾರದ ಭೇಟಿ ಬೇರೆ ದಿನಕ್ಕೆ ಹೋಯಿತೇನಪ್ಪಾ? ನನಗೆ ತಿಳಿಯಲಿಲ್ಲ, ಕಾಯುತ್ತಿದ್ದೆ" ಎಂದರು. ಬಂಧುಗಳೇ, ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಇಷ್ಟಕ್ಕೆ ನನ್ನ ತಪ್ಪು ಮುಗಿಯಲಿಲ್ಲ. ಮುಂದಿನ ಭಾನುವಾರ ತುಂಬಿದ ಸಭೆಯಲ್ಲಿ ಆ ಇಬ್ಬರು ಹುಡುಗರನ್ನು ನಿಲ್ಲಿಸಿ ಕೇಳಿದೆನು. ಓರೆಗೆರೆ ಎಳೆದ ಕೈ ನನ್ನದೆಂಬುದನ್ನು ಹೇಳಲಿಲ್ಲ. ಅವರಲ್ಲೊಬ್ಬನು ಅಳುತ್ತ ಹೊರಟುಹೋದನು. ಮರುವಾರ ಅವನ ಮನೆಗೆ ಹೋಗಿ, ಅವನ ತಂದೆತಾಯಿಗಳ ಎದುರಿನಲ್ಲಿಯೇ ಕ್ಷಮೆ ಬೇಡಿದೆನು. "ಇರಲಿ ಅಂಕಲ್" ಎಂದನು. ಆದರೆ ಅವನು ಮರಳಿ ಬಂದಿಲ್ಲ.

ಅದೇ ವರ್ಷದ ನವರಾತ್ರಿಯ ಪಾರಾಯಣದಲ್ಲಿ ಎರಡನೆಯ ಅಧ್ಯಾಯವನ್ನು ಕೇಳುತ್ತ ಕುಳಿತಿದ್ದಾಗ ಘಂಟೆಯ ಪ್ರಸಂಗ ಬಂದಿತು. ನನಗೆ ಕುಂದಾಪುರದ ಆ ತಾಯಿಯ ನೆನಪಾಯಿತು. ಆಕೆಯ ಬಳಿ ತ್ರಿಶೂಲವಿರಲಿಲ್ಲ, ಚಕ್ರವಿರಲಿಲ್ಲ. ಮೆಟ್ಟಿಲು ಹತ್ತುವ ಶಕ್ತಿಯೂ ಇರಲಿಲ್ಲ. ಕಿಟಕಿಯ ಬಳಿ ಕುಳಿತು ನೆರೆಯವರ ಕ್ಷೇಮವನ್ನು ಗಮನಿಸುವ ಎರಡು ಕಣ್ಣುಗಳಿದ್ದವು. ಅದನ್ನು ಕೊಡಲು ಬಂದವರನ್ನು ನಾನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಿದ್ದೆ. ಇಂದ್ರನ ಘಂಟೆಯನ್ನು ದೇವಿಯು ಬೇಡವೆನ್ನಲಿಲ್ಲ, ನಾನು ಬೇಡವೆಂದಿದ್ದೆ.

ಆಗಿನಿಂದ ನಾನು ಪುರಾಣೇತಿಹಾಸಗಳಲ್ಲಿ ಕೆಲಸ ಹಂಚಿದ ಪ್ರಸಂಗಗಳನ್ನೇ ಹುಡುಕಿ ಓದತೊಡಗಿದೆನು. ಧರ್ಮರಾಯನ ರಾಜಸೂಯ ಯಾಗ ಅಂಥದೊಂದು ಪ್ರಸಂಗ. ಭಾಗವತದ ದಶಮ ಸ್ಕಂಧದ ಎಪ್ಪತ್ತೈದನೆಯ ಅಧ್ಯಾಯದಲ್ಲಿ ಅದರ ವಿವರವಿದೆ. ಭೀಮನಿಗೆ ಅಡಿಗೆಯ ಮೇಲ್ವಿಚಾರಣೆ, ಸಹದೇವನಿಗೆ ಅತಿಥಿಗಳ ಸ್ವಾಗತ, ನಕುಲನಿಗೆ ಸಾಮಗ್ರಿ ಒದಗಿಸುವ ಕೆಲಸ, ಅರ್ಜುನನಿಗೆ ಹಿರಿಯರ ಶುಶ್ರೂಷೆ, ದ್ರೌಪದಿಗೆ ಬಡಿಸುವುದು, ಕರ್ಣನಿಗೆ ದಾನ. ಒಂದೊಂದು ಕೆಲಸಕ್ಕೂ ಒಂದೊಂದು ಹೆಸರು. ಓರೆಗೆರೆ ಎಲ್ಲಿಯೂ ಇಲ್ಲ! ಹಸಿವನ್ನು ಬಲ್ಲ ಭೀಮನಿಗೆ ಅಡಿಗೆಮನೆ, ಕೊಡುವುದರಲ್ಲಿಯೇ ಸುಖ ಕಂಡ ಕರ್ಣನಿಗೆ ದಾನ. ಇವರೆಲ್ಲರೂ ಪ್ರೀತಿಯ ಕಟ್ಟಿಗೆ ಒಳಗಾಗಿ ಸೇವೆಗೆ ನಿಂತರೆಂದು ಭಾಗವತವು ಹೇಳುತ್ತದೆ. ಸಂಬಳವಿಲ್ಲದ ಕೆಲಸದಲ್ಲಿ ಮನುಷ್ಯನನ್ನು ಕಟ್ಟಿಹಾಕುವ ಹಗ್ಗ ಅದೊಂದೇ. ನಾನು ಸಭೆಯಲ್ಲಿ ಆ ಹುಡುಗನನ್ನು ನಿಲ್ಲಿಸಿದ ದಿನ ಕತ್ತರಿಸಿದ್ದು ಆ ಹಗ್ಗವನ್ನೇ.

ಇದೇ ಪ್ರಸಂಗವು ವ್ಯಾಸಭಾರತದ ಸಭಾಪರ್ವದಲ್ಲಿಯೂ ಬರುತ್ತದೆ. ಅಲ್ಲಿಯ ಹಂಚಿಕೆ ಸ್ವಲ್ಪ ಬೇರೆ. ಭಕ್ಷ್ಯಭೋಜ್ಯಗಳ ಅಧಿಕಾರ ದುಃಶಾಸನನಿಗೆ, ಖರ್ಚಿನ ಹೊಣೆ ವಿದುರನಿಗೆ, ಬಂದ ಅರಸರ ಸತ್ಕಾರ ಸಂಜಯನಿಗೆ. ಯಾವ ಕೆಲಸ ಆಯಿತು, ಯಾವುದು ಆಗದೆ ಉಳಿಯಿತು ಎಂಬುದನ್ನು ತಿಳಿದುಕೊಳ್ಳುವ ಹೊಣೆ ಭೀಷ್ಮ ದ್ರೋಣರಿಗೆ. ಇದನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಕುಳಿತೆನು. ಕುಲದ ಹಿರಿಯರಾದ ಪಿತಾಮಹರಿಗೂ ಎಲ್ಲರಿಗೆ ಗುರುಗಳಾದ ಆಚಾರ್ಯರಿಗೂ ಒಪ್ಪಿಸಿದ ಕೆಲಸ ಇದು! ಹೆಸರು ಬರೆಯುವುದು ಸುಲಭ. ಆಗದೆ ಉಳಿದುದನ್ನು ಹುಡುಕಿಕೊಂಡು ಹೋಗುವುದು ಹಿರಿದಾದ ಸೇವೆ. ನಾನು ಮೊದಲನೆಯದನ್ನು ಮಾಡಿ ಎರಡನೆಯದೂ ಆಯಿತೆಂದು ಭ್ರಮಿಸಿದ್ದೆ. ಬ್ಯಾಂಕಿನಲ್ಲಿ ಒಬ್ಬನು ನಮೂದಿಸಿದುದನ್ನು ಇನ್ನೊಬ್ಬನು ಪರಿಶೀಲಿಸದೆ ಹಣ ಕದಲುವುದಿಲ್ಲ. ಹಣಕ್ಕೆ ಇರುವ ಈ ಎಚ್ಚರ ಮನುಷ್ಯಜೀವಕ್ಕೆ ಬೇಡವೇ?

ಮಹಾಭಾರತದ ಈ ಯಾದಿಯಲ್ಲಿ ಇನ್ನೂ ಎರಡು ಹೆಸರುಗಳಿವೆ. ನಾಲ್ದೆಸೆಯ ಅರಸರು ತಂದ ಕಾಣಿಕೆಗಳನ್ನು ಸ್ವೀಕರಿಸುವ ಕೆಲಸ ದುರ್ಯೋಧನನಿಗೆ ಬಂದಿತು. ಗೌರವದ ಕೆಲಸವೇ. ಧರ್ಮರಾಯನು ನಂಬಿಕೆಯಿಂದಲೇ ಕೊಟ್ಟಿರಬೇಕು. ಆದರೆ ರತ್ನರಾಶಿಗಳನ್ನು ಸ್ವೀಕರಿಸುತ್ತ ಸ್ವೀಕರಿಸುತ್ತ ತನ್ನ ಕೈ ಸೋತುಹೋಯಿತೆಂದು ದುರ್ಯೋಧನನು ಆಮೇಲೆ ತಂದೆಯ ಮುಂದೆ ಹೇಳಿಕೊಂಡು ಬೆಂದುಹೋದನು. ಮುಟ್ಟಿದ ಒಂದೊಂದು ಕಾಣಿಕೆಯೂ ಅವನ ಎದೆಯಲ್ಲಿ ಕಿಡಿಯಾಯಿತು. ದ್ಯೂತಕ್ಕೂ ಆಮೇಲಿನ ಅನರ್ಥಕ್ಕೂ ಆ ಉರಿಯೇ ಮೂಲವಾಯಿತು. ಸೇವೆಯಲ್ಲಿ ಕೈಯಾಡಿಸಿದ ಮಾತ್ರಕ್ಕೆ ಹೃದಯವು ಶುದ್ಧವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೇ?

ದುರ್ಯೋಧನನನ್ನು ನಾವು ಬೇರೆಯವರಲ್ಲಿ ಹುಡುಕುವುದು ಬೇಡ. ನಾನೇನು ಮಾಡುತ್ತಿದ್ದೆ? ಇಷ್ಟು ಮಂದಿ ಸ್ವಯಂಸೇವಕರು, ಇಷ್ಟು ಭೇಟಿಗಳು, ಇಷ್ಟು ತುಂಬಿದ ಸಾಲುಗಳೆಂದು ಎಣಿಸಿ ವಾರ್ಷಿಕ ಸಭೆಯಲ್ಲಿ ಓದಿ ಚಪ್ಪಾಳೆ ಪಡೆಯುತ್ತಿದ್ದೆ. ಅನ್ಯರು ದೇವರಿಗೆಂದು ತಂದ ಕಾಣಿಕೆಯನ್ನು ನಡುವೆ ಕುಳಿತು ನನ್ನದೆಂಬಂತೆ ಎಣಿಸಿದೆನು. ಕೆಲಸ ಹಂಚುವವನಿಗೆ ಒದಗುವ ಅಪಾಯ ಇದೇ. ಅವನ ಕೈಗೆ ಕೆಸರು ಹತ್ತುವುದಿಲ್ಲ. ಕಣ್ಣಿಗೆ ಕಾಣುವುದು ಮೊತ್ತ ಮಾತ್ರ.

ಎರಡನೆಯ ಹೆಸರು ಶ್ರೀಕೃಷ್ಣ ಪರಮಾತ್ಮನದು. ಬಂದ ಬ್ರಾಹ್ಮಣರ ಕಾಲು ತೊಳೆಯುವ ಕೆಲಸ ಅವನ ಪಾಲಿನದು. ವ್ಯಾಸರ ಪ್ರಕಾರ ಅದನ್ನು ಅವನು ತಾನಾಗಿಯೇ ವಹಿಸಿಕೊಂಡನು. ಅದೇ ಯಾಗದಲ್ಲಿ ಅಗ್ರಪೂಜೆ ಸಂದದ್ದೂ ಅವನಿಗೇ ಎಂಬುದನ್ನು ನೆನೆದಾಗ ಮೈ ಪುಲಕಗೊಳ್ಳುತ್ತದೆ. ಎಲ್ಲರನ್ನೂ ನಡೆಸುವವನು ಎಲ್ಲಕ್ಕಿಂತ ಕೆಳಗಿನ ಕೆಲಸವನ್ನು ಹಿಡಿದನು. ಕಾಲು ತೊಳೆಯಲು ಬಾಗಿದವನ ಕಣ್ಣಿಗೆ ಒಬ್ಬೊಬ್ಬರ ಪಾದದ ಬಿರುಕೂ ಕಾಣುತ್ತದೆ. ಸಿಂಹಾಸನದ ಮೇಲಿಂದ ಅದು ಕಾಣದು.

ಕೆಲಸ ಹಂಚುವವನು ಎಚ್ಚರ ವಹಿಸಬೇಕಾದ ಮತ್ತೊಂದು ಅಂಶವನ್ನು ನಮ್ಮ ಶರಣರು ತೋರಿಸಿಕೊಟ್ಟಿದ್ದಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನೆಂಬ ಶರಣನು ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ದಾಸೋಹಕ್ಕೆಂದು ತಂದ ಅಕ್ಕಿಯಲ್ಲಿಯೂ ಆಸೆ ಹೊಕ್ಕೀತೆಂಬ ಎಚ್ಚರ ಆ ತಾಯಿಯದು. ನಮ್ಮಲ್ಲಿಯೂ ಅತ್ಯುತ್ಸಾಹಿಗಳಿದ್ದಾರೆ. ಸಂಜೆಯ ಪಾಠವೂ ನನಗಿರಲಿ, ಔಷಧಿಯೂ ನನಗಿರಲಿ, ಆಸ್ಪತ್ರೆಯ ಸರದಿಯೂ ನನಗಿರಲಿ ಎಂದು ಕೈಯೆತ್ತುತ್ತಾರೆ. ಸಾಲು ತುಂಬುವುದಲ್ಲವೇ ಎಂದು ನಾನು ಸಂತೋಷದಿಂದ ಬರೆದುಕೊಳ್ಳುತ್ತಿದ್ದೆ. ಮೂರು ತಿಂಗಳಲ್ಲಿ ಅವರು ಬಳಲಿ ಬೇಸತ್ತು ಒಂದನ್ನೂ ಪೂರೈಸದೆ ಮರೆಯಾಗುತ್ತಿದ್ದರು. ಇಂದು ನಾನು ಲಕ್ಕಮ್ಮನನ್ನು ನೆನೆದು, "ನಿಮ್ಮ ಪಾಲಿಗೆ ಇದೊಂದು ಸಾಕು, ಉಳಿದುದನ್ನು ಇನ್ನೊಬ್ಬರಿಗೆ ಬಿಡಿ" ಎನ್ನುವುದನ್ನು ಕಲಿತಿದ್ದೇನೆ. ಸೇವೆಯ ಅವಕಾಶವೂ ಹಂಚಿ ಉಣ್ಣಬೇಕಾದ ಪ್ರಸಾದ.

ಈಗ ನಮ್ಮ ಪದ್ಧತಿಯಲ್ಲಿ ಕೆಲವು ಬದಲಾವಣೆಗಳಾಗಿವೆ. ಬೇರೆ ಬಡಾವಣೆಗಳ ಬಂಧುಗಳಿಗೆ ಉಪಯೋಗವಾದೀತೆಂದು ತಿಳಿಸುತ್ತೇನೆ. ಒಂದು ಕೆಲಸಕ್ಕೆ ಒಂದೇ ಹೆಸರು; ನೆರವಿನವರ ಹೆಸರನ್ನು ಕೆಳಗೆ ಬೇರೆಯಾಗಿ ಬರೆಯುತ್ತೇವೆ. ಹೋಗಲಾಗದವರು ಮುಂಚಿತವಾಗಿ ತಿಳಿಸಿದರೆ ಅದು ತಪ್ಪಲ್ಲ. ತಿಳಿಸಿದವರನ್ನು ಯಾರೂ ಆಕ್ಷೇಪಿಸುವಂತಿಲ್ಲ. ಹೋಗಿಬಂದವರು ಅಂದೇ ಸಂಜೆ ಒಂದು ಮಾತು ಹೇಳಬೇಕು. ಹೇಳದಿದ್ದರೆ ರಾತ್ರಿ ಎಂಟರೊಳಗೆ ನಾನು ಅವರಿಗಲ್ಲ, ಆ ವೃದ್ಧರ ಮನೆಗೇ ಫೋನು ಮಾಡುತ್ತೇನೆ. ಹೊಸಬರು ಬಂದಾಗ ಯಾವ ಕೆಲಸ ಖಾಲಿಯಿದೆಯೆಂದು ನೋಡುವ ಮೊದಲು ಅವರ ಬಳಿ ಏನಿದೆಯೆಂದು ಕೇಳುತ್ತೇವೆ. ಮತ್ತು ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನ, ನಾನೂ ಒಬ್ಬ ಹಾಸಿಗೆ ಹಿಡಿದ ಹಿರಿಯರ ಮನೆಗೆ ಹೋಗಿ ಅವರ ಮಗಳೊಡನೆ ಕೂಡಿ ಅವರಿಗೆ ಮೈ ಒರೆಸಿ ಬಟ್ಟೆ ಬದಲಾಯಿಸುತ್ತೇನೆ. ಆ ಸಾಲಿನಲ್ಲಿ ನನ್ನ ಹೆಸರೊಂದೇ ಇದೆ.

ಕುಂದಾಪುರದ ಅಮ್ಮನ ಮನೆಗೂ ಹೋಗಿದ್ದೆ. "ಅಮ್ಮಾ, ಅಂದು ನೀವು ಕೇಳಿದ ಕೆಲಸವನ್ನು ಈಗ ಕೊಡಲು ಬಂದಿದ್ದೇನೆ" ಎಂದೆನು. ಆಕೆ, "ಆಶೀರ್ವಾದ ಸಾಕಾಗಲಿಲ್ಲವೇ ಮಗಾ?" ಎಂದು ನಕ್ಕರು. ಈಗ ದಿನವೂ ಬೆಳಿಗ್ಗೆ ಎಂಟಕ್ಕೆ ಒಂಟಿಯಾಗಿರುವ ಏಳು ಮಂದಿಗೆ ಆಕೆಯೇ ಫೋನು ಮಾಡುತ್ತಾರೆ. ಚಹಾ ಆಯಿತೇ, ಮಾತ್ರೆ ತೆಗೆದುಕೊಂಡಿರಾ, ಇಷ್ಟೇ ಮಾತು. ಒಬ್ಬರು ಎತ್ತದಿದ್ದರೆ ಹತ್ತು ನಿಮಿಷದಲ್ಲಿ ನಮಗೆ ಸುದ್ದಿ ಬರುತ್ತದೆ. ಎಂಟು ಗಂಟೆಗೆ ಆ ಮನೆಗಳಲ್ಲಿ ಫೋನು ಬಾರಿಸುವಾಗ ನನಗೆ ಐರಾವತದ ಘಂಟೆಯ ನೆನಪಾಗುತ್ತದೆ. ಮೊದಲ ಫೋನು ಮಾಸ್ತರರಿಗೆ. ಅವರೀಗ ಊರೆಗೋಲಿನ ಆಸರೆಯಿಂದ ಮನೆಯೊಳಗೆ ನಡೆದಾಡುತ್ತಾರೆ. ಸಂಜೆಯ ಪಾಠದ ಇಬ್ಬರು ಮಕ್ಕಳು ಲೆಕ್ಕ ಹೇಳಿಸಿಕೊಳ್ಳಲು ಅವರಲ್ಲಿಗೇ ಹೋಗುತ್ತಾರೆ. ಅವರೂ ಈಗ ನಮ್ಮ ಪಟ್ಟಿಯ ಒಬ್ಬ ಸ್ವಯಂಸೇವಕರೇ.

ಮಹಾನಗರದಲ್ಲಿ ನೆಲೆಸಿದ ನಮ್ಮೆಲ್ಲರ ಸ್ಥಿತಿಯೂ ಬಹುಮಟ್ಟಿಗೆ ಒಂದೇ. ಊರಿನ ಮನೆ ಮುಚ್ಚಿದೆ ಅಥವಾ ಅಲ್ಲಿ ವಯಸ್ಸಾದವರೊಬ್ಬರು ಉಳಿದಿದ್ದಾರೆ. ಮಕ್ಕಳು ಓದಿ ಇನ್ನೂ ದೂರಕ್ಕೆ ಹಾರಿದ್ದಾರೆ. ಊರಿನಲ್ಲಾದರೆ ಬೆಳಿಗ್ಗೆ ಬಾಗಿಲು ತೆರೆಯದ ಮನೆಯನ್ನು ಬೀದಿಯೇ ವಿಚಾರಿಸುತ್ತಿತ್ತು. ಇಲ್ಲಿ ಆ ಬೀದಿಯನ್ನು ನಾವೇ ಕಟ್ಟಿಕೊಳ್ಳಬೇಕಾಗಿದೆ. ಒಂದು ದಿನ ನಮ್ಮ ಅಡಿಗೆಮನೆಯ ದೀಪವೂ ಹಗಲಿನಲ್ಲಿ ಉರಿಯುತ್ತಿರಬಹುದು. ಅದನ್ನು ನೋಡುವ ಕಣ್ಣುಗಳು ಎದುರು ಕಿಟಕಿಯಲ್ಲಿ ಇರಬೇಕಾದರೆ, ಇಂದು ನಮ್ಮ ಕಣ್ಣುಗಳು ಇನ್ನೊಬ್ಬರ ಕಿಟಕಿಯತ್ತ ತಿರುಗಿರಬೇಕು. ವಾರಕ್ಕೆ ಒಂದು ಗಂಟೆ ಕೊಡಲಾರದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ನನ್ನಿಂದೇನಾದೀತೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ನಿಮ್ಮ ಬಳಿ ಇರುವುದು ಕಮಂಡಲುವೇ ಆಗಿರಲಿ, ಕೊಡಲಿಯೇ ಆಗಿರಲಿ, ಅದನ್ನೇ ತನ್ನಿ. ಶಿವನು ಶೂಲವನ್ನು ಕೊಟ್ಟ ಮೇಲೂ ಅವನ ಶೂಲ ಅವನಲ್ಲಿಯೇ ಉಳಿಯಿತು. ಸೇವೆಯಲ್ಲಿ ಕೊಟ್ಟುದು ಕೊಟ್ಟವನಲ್ಲಿ ಕಡಿಮೆಯಾಗುವುದಿಲ್ಲ.

ಮಹಾನವಮಿಯ ದಿನ ಆಯುಧಪೂಜೆಯಲ್ಲಿ ನಾವು ಕತ್ತರಿ, ಕುಡುಗೋಲು, ವಾಹನ, ಯಂತ್ರಗಳಿಗೆ ಕುಂಕುಮವಿಡುತ್ತೇವೆ. ಈ ವರ್ಷ ನಮ್ಮ ಸಂಘದ ಪೂಜೆಯಲ್ಲಿ ಆ ಗೀಟಿನ ಪುಸ್ತಕವನ್ನೂ ದೇವಿಯ ಮುಂದಿಡಬೇಕೆಂದಿದ್ದೇವೆ. ಅದರಲ್ಲಿ ಒಂದು ಸಾಲನ್ನು ನಾನು ಖಾಲಿ ಬಿಟ್ಟಿದ್ದೇನೆ. ಅದು ಮರಳಿ ಬಾರದ ಆ ಹುಡುಗನ ಸಾಲು. ಆಗದೆ ಉಳಿದುದನ್ನು ಮರೆಯಬಾರದೆಂದು ಅದು ನನಗೆ ಪ್ರತಿ ಭಾನುವಾರ ಹೇಳುತ್ತದೆ. ವಿಜಯದಶಮಿಯಂದು ಬನ್ನಿಯೆಲೆ ಹಿಡಿದು ಮತ್ತೊಮ್ಮೆ ಅವನ ಮನೆಗೆ ಹೋಗುವವನಿದ್ದೇನೆ. ಬಂದರೆ ಸಂತೋಷ; ಬಾರದಿದ್ದರೆ ಬನ್ನಿ ಕೊಟ್ಟು ಅವನಿಗೂ ಅವನ ಮನೆಯವರಿಗೂ ಒಳ್ಳೆಯದಾಗಲೆಂದು ಹಾರೈಸಿ ಬರುತ್ತೇನೆ.

ಸಕಲ ದೇವತೆಗಳ ತೇಜಸ್ಸನ್ನು ಒಂದುಗೂಡಿಸಿಕೊಂಡು ಮೂಡಿದ ಆ ಜಗನ್ಮಾತೆಯು ಚದುರಿಹೋಗಿರುವ ನಮ್ಮ ಶಕ್ತಿಗಳನ್ನೂ ಒಂದುಗೂಡಿಸಲಿ. ಕೊಡುವವರಿಗೆ ಕೊಡುವ ಮನಸ್ಸನ್ನು, ಹಂಚುವವರಿಗೆ ಕಾಣುವ ಕಣ್ಣನ್ನು, ಕಾಯುತ್ತಿರುವವರಿಗೆ ಬಾಗಿಲು ತಟ್ಟುವ ಒಂದು ಕೈಯನ್ನು ಕರುಣಿಸಲಿ ಎಂದು ಆಕೆಯ ಅಡಿದಾವರೆಗಳಲ್ಲಿ ಪ್ರಾರ್ಥಿಸಿ ಈ ನಾಲ್ಕು ಮಾತುಗಳನ್ನು ಮುಗಿಸುತ್ತೇನೆ.